ಏರುಮಡಿಗೆ ಉಣಿಸುವವರು ಯಾರು?

ಹಿತ್ತಲಲ್ಲಿ ಒಂದಿಷ್ಟು ತರಕಾರಿ ಬೆಳೆದುಕೊಳ್ಳಬೇಕು ಎಂದು ಹೊರಟವರ ಮೊದಲ ಪ್ರಶ್ನೆ ಈಚೆಗೆ ಏರುಮಡಿಯದೇ ಆಗಿರುತ್ತದೆ. ಕಟ್ಟೆ ಎಷ್ಟೆತ್ತರ ಇರಬೇಕು, ಇಟ್ಟಿಗೆಯೋ ಕಲ್ಲೋ, ಒಳಗೆ ಎಂಥ ಮಣ್ಣು ತುಂಬಬೇಕು ಎಂದು ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಇಷ್ಟರಲ್ಲಿ ಮನೆಗೆ ಬೇಕಾದದ್ದನ್ನೆಲ್ಲ ನಾವೇ ಬೆಳೆದುಕೊಳ್ಳಬಹುದೇ? ಎರಡಕ್ಕೂ ಉತ್ತರವಿದೆ. ಆದರೆ ಉತ್ತರ ಹೇಳುವ ಮೊದಲು ಇತ್ಯರ್ಥವಾಗಬೇಕಾದ ಸಂಗತಿ ಬೇರೆಯೇ ಇದೆ. ಆ ಮಡಿಗೆ ವರ್ಷವರ್ಷವೂ ಉಣಿಸುವವರು ಯಾರು? ಮಡಿಯಿಂದ ಅಡುಗೆಮನೆಗೆ ಬಂದ ಸೊಪ್ಪಿನ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಮಡಿಗೆ ತಂದು ಸುರಿದ ಮಣ್ಣು, ಗೊಬ್ಬರ, ಬೀಜ, ನೀರಿನ ಲೆಕ್ಕ ಇಡುವವರು ಕಡಿಮೆ. ಈ ಎರಡನೆಯ ಲೆಕ್ಕವಿಲ್ಲದೆ ಸ್ವಾವಲಂಬನೆಯ ಮಾತಾಡಿ ಪ್ರಯೋಜನವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನೆಲ ಏರಿಸಿ ಬೆಳೆಯುವ ವಿದ್ಯೆ ಬಲು ಹಳೆಯದು. ಮೆಕ್ಸಿಕೊ ಕಣಿವೆಯ ಕೆರೆಗಳಲ್ಲಿದ್ದ ಚಿನಾಂಪಗಳು ಅದರ ಅತಿ ಒಳ್ಳೆಯ ಮಾದರಿ. ಆಳವಿಲ್ಲದ ಕೆರೆಯಲ್ಲಿ ಉದ್ದುದ್ದ ದಿಬ್ಬಗಳು, ಎರಡು ದಿಬ್ಬಗಳ ನಡುವೆ ದೋಣಿ ಓಡುವಷ್ಟು ಅಗಲದ ಕಾಲುವೆ. ಕಾಲುವೆಯ ತಳದ ಕೆಸರನ್ನೂ ನೀರುಗಿಡಗಳನ್ನೂ ಬಾಚಿ ದಿಬ್ಬದ ಮೇಲೆ ಹಾಕುತ್ತಿದ್ದರು. ದಿಬ್ಬದಿಂದ ತೊಳೆದುಹೋದ ಸಾರ ಮತ್ತೆ ಕಾಲುವೆಗೇ ಇಳಿಯುತ್ತಿತ್ತು. ಪೇಟೆಯ ಮಲವೂ ದೋಣಿಯಲ್ಲಿ ಬಂದು ಗೊಬ್ಬರವಾಗುತ್ತಿತ್ತು. ಅಜ್‌ಟೆಕ್ ರಾಜಧಾನಿ ತೆನೊಚ್‌ತಿತ್ಲಾನ್‌ನ ಊಟದ ದೊಡ್ಡ ಪಾಲು ಇಂಥ ದಿಬ್ಬಗಳಿಂದ ಹೋಗುತ್ತಿತ್ತು. ಸೋಚಿಮಿಲ್ಕೊದಲ್ಲಿ ಇವತ್ತಿಗೂ ಉಳಿದಿರುವ ಚಿನಾಂಪಗಳು 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಉಣ್ಣುವ ಬಾಯಿ, ಬೆಳೆಯುವ ಮಡಿ, ಗೊಬ್ಬರದ ಮೂಲ ಮೂರೂ ಒಂದೇ ಕೆರೆಯಲ್ಲಿದ್ದುದು ಅವುಗಳ ಬಲ.

19ನೇ ಶತಮಾನದ ಪ್ಯಾರಿಸ್‌ನ ತರಕಾರಿ ಬೆಳೆಗಾರರದು ಬೇರೆ ಕಥೆ. ಹಸಿ ಕುದುರೆಲದ್ದಿಯನ್ನು ದಪ್ಪಗೆ ಹರಡಿ, ಅದು ಕೊಳೆಯುವಾಗ ಏಳುವ ಶಾಖದ ಮೇಲೆ ಮಣ್ಣು ಹಾಕಿ, ಗಾಜು ಮುಚ್ಚಿ, ಕೊರೆಯುವ ಚಳಿಯಲ್ಲೂ ಅವರು ಎಳೆ ಸೊಪ್ಪು ಕೊಯ್ಯುತ್ತಿದ್ದರು. ತಾವು ಮಾಡಿದ ಮಣ್ಣಿನ ಮೇಲೆ ಅವರಿಗೆ ಎಂಥ ಅಭಿಮಾನವಿತ್ತೆಂದರೆ, ಗುತ್ತಿಗೆ ಮುಗಿದಾಗ ಅದನ್ನೂ ಹೊತ್ತೊಯ್ಯುವ ಹಕ್ಕು ಕರಾರಿನಲ್ಲೇ ಇರುತ್ತಿತ್ತು ಎಂದು ರಷ್ಯಾದ ಚಿಂತಕ ಕ್ರೊಪೋಟ್ಕಿನ್ ಬರೆದಿದ್ದಾರೆ. ನಗರದ ತುಂಬ ಕುದುರೆಲಾಯಗಳಿದ್ದಷ್ಟು ಕಾಲ ಈ ವೈಭವ ನಡೆಯಿತು. ಮೋಟಾರು ಬಂತು, ಲದ್ದಿ ನಿಂತಿತು, ನೆಲದ ಬೆಲೆಯೂ ಏರಿತು. ತೋಟಗಳು ಒಂದೊಂದಾಗಿ ಕರಗಿದವು. ಅದೇ ವಿದ್ಯೆಯನ್ನು ಇಂಗ್ಲಿಷ್ ತೋಟಗಾರ ಅಲನ್ ಚಾಡ್‌ವಿಕ್ 1967ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದ ಗುಡ್ಡದ ಮೇಲೆ ಮತ್ತೆ ನೆಟ್ಟರು. ಜಾನ್ ಜೆವನ್ಸ್ 1974ರಲ್ಲಿ ಅದನ್ನು ಪುಸ್ತಕವಾಗಿಸಿ ಜಗತ್ತಿಗೆಲ್ಲ ಹಂಚಿದರು. ಎರಡು ಗುದ್ದಲಿ ಆಳ ಸಡಿಲಿಸಿದ ಅಗಲ ಮಡಿಯಲ್ಲಿ ಒತ್ತೊತ್ತಾಗಿ ಬೆಳೆಯುವುದು ಅವರ ಕ್ರಮ. ಜೆವನ್ಸ್ ಹೇಳಿದ್ದರಲ್ಲಿ ಜನ ಎತ್ತಿಕೊಂಡದ್ದು ಮಡಿಯನ್ನು, ಬಿಟ್ಟದ್ದು ಅವರ ಅತಿ ಮುಖ್ಯ ಲೆಕ್ಕವನ್ನು. ತೋಟದ ನೂರು ಪಾಲಿನಲ್ಲಿ 60 ಪಾಲು ಕಾಳನ್ನೂ ಗೊಬ್ಬರಕ್ಕೆ ದಂಟನ್ನೂ ಕೊಡುವ ಧಾನ್ಯಗಳಿಗೆ, 30 ಪಾಲು ಹೊಟ್ಟೆ ತುಂಬಿಸುವ ಗೆಡ್ಡೆಗಳಿಗೆ. ತರಕಾರಿಗೆ ಉಳಿಯುವುದು ಬರೀ 10. ನೆಲದ ದೊಡ್ಡ ಪಾಲು ನೆಲಕ್ಕೇ ಉಣಿಸಲು ಮೀಸಲು ಎಂದು ಇಷ್ಟು ನೇರವಾಗಿ ಹೇಳಿದವರು ವಿರಳ.

ಕ್ಯೂಬಾದ ಅನುಭವ ನಮಗೆ ಇನ್ನೂ ಹತ್ತಿರದ್ದು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಎಣ್ಣೆ, ಗೊಬ್ಬರ, ಧಾನ್ಯ ಬರುವುದು ನಿಂತಾಗ ಹವಾನಾದ ಖಾಲಿ ನಿವೇಶನಗಳಲ್ಲಿ, ಕಾಂಕ್ರೀಟ್ ಹಾಸಿದ ಅಂಗಳಗಳಲ್ಲಿ ಕಟ್ಟೆ ಕಟ್ಟಿ, ಗೊಬ್ಬರ ತುಂಬಿ ಸೊಪ್ಪು ಬೆಳೆದರು. ಸಕ್ಕರೆ ಕಾರ್ಖಾನೆಯ ಮಡ್ಡಿಯೂ ಎರೆಗೊಬ್ಬರವೂ ಆ ಮಡಿಗಳಿಗೆ ಉಣಿಸಿದವು. ಹಸಿರು ತರಕಾರಿಯ ಮಟ್ಟಿಗೆ ಅದು ನಗರವನ್ನು ಕಾಪಾಡಿತು. ಅಕ್ಕಿ, ಗೋಧಿ, ಎಣ್ಣೆಗೆ ಮಾತ್ರ ಆ ದೇಶ ಈಗಲೂ ಹಡಗಿನ ದಾರಿ ಕಾಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸುಮಾರು 2 ಕೋಟಿ ಮನೆಗಳ ಹಿತ್ತಲಲ್ಲಿ ಎದ್ದ ತೋಟಗಳ ಕಥೆಯೂ ಇಂಥದೇ. ತರಕಾರಿಯಲ್ಲಿ ದೊಡ್ಡ ಸಾಧನೆ, ಯುದ್ಧ ಮುಗಿಯುತ್ತಲೇ ಹುಲ್ಲುಹಾಸು.

ನಮ್ಮಲ್ಲೇ ನೋಡುವುದಾದರೆ, ಉತ್ತರ ಕನ್ನಡದ ಅಡಿಕೆ ತೋಟಗಳಷ್ಟು ಸ್ವಯಂಪೂರ್ಣವಾಗಿ ಕಾಣುವ ತೋಟ ಇನ್ನೊಂದಿಲ್ಲ. ಅಡಿಕೆ, ಬಾಳೆ, ಮೆಣಸು, ಏಲಕ್ಕಿ ಒಂದರ ನೆರಳಲ್ಲಿ ಒಂದು. ಮಳೆನೀರು ಹರಿದುಹೋಗಲು ಬಸಿಗಾಲುವೆ. ಆದರೆ ಆ ತೋಟದ ಬೆನ್ನಿಗೆ ಸೊಪ್ಪಿನಬೆಟ್ಟವಿದೆ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯ ಎಂಬುದು ಬ್ರಿಟಿಷರ ಕಾಲದಿಂದ ಬಂದ ಏರ್ಪಾಡು. ಬೆಟ್ಟದ ಸೊಪ್ಪು, ದರಗು ಕೊಟ್ಟಿಗೆಗೆ ಬಂದು, ದನದ ಕಾಲಡಿ ಸೆಗಣಿ ಗಂಜಲದೊಂದಿಗೆ ಬೆರೆತು, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಒಂದು ಎಕರೆ ಹಸಿರಿಗೆ ಒಂಬತ್ತು ಎಕರೆ ಕಾಡಿನ ಊಟ. ಈ ಅನುಪಾತವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಮ್ಮ ಹಿತ್ತಲಿಗೆ ಬರೋಣ.

ಮಡಿ ಏರಿಸಬೇಕೋ ಬೇಡವೋ ಎಂಬುದನ್ನು ಮಳೆ ಮತ್ತು ಮಣ್ಣು ಹೇಳಬೇಕು, ಚಿತ್ರಗಳಲ್ಲ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಕರಾವಳಿಯಲ್ಲಿ, ಅದಕ್ಕಿಂತ ಹೆಚ್ಚು ಸುರಿಯುವ ಘಟ್ಟದ ತಪ್ಪಲಲ್ಲಿ, ಮಡಿ ಏರಿಸದಿದ್ದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಅಲ್ಲಿನ ಹಿರಿಯರು ಮಳೆಗಾಲದ ಬೆಂಡೆ, ಮುಳ್ಳುಸೌತೆಗೆ ನೀರು ನಿಲ್ಲದ ಎತ್ತರದ ಜಾಗವನ್ನೇ ಹುಡುಕಿ ದಿಂಡು ಎತ್ತುತ್ತಿದ್ದುದು ಇದಕ್ಕೇ. ವಿಜಯಪುರ, ಬಳ್ಳಾರಿ, ಚಿತ್ರದುರ್ಗದ ಸೀಮೆಯಲ್ಲಿ ಮಳೆ 500ರಿಂದ 600 ಮಿ.ಮೀ. ಆಸುಪಾಸು. ಅಲ್ಲಿನ ಮಸಾರಿ ನೆಲದಲ್ಲಿ ಒಂದಡಿ ಎತ್ತರದ ಮಡಿ ಕಟ್ಟಿದರೆ ಬಿಸಿಲೂ ಗಾಳಿಯೂ ನಾಲ್ಕು ಬದಿಯಿಂದ ತೇವ ಹೀರುತ್ತವೆ. ಅಲ್ಲಿಗೆ ಬೇಕಾದದ್ದು ತಗ್ಗುಮಡಿ: ನೆಲಕ್ಕಿಂತ ನಾಲ್ಕಾರು ಅಂಗುಲ ಕೆಳಗಿನ ಪಾತಿ, ಸುತ್ತ ಗಿಡ್ಡ ಬದು. ಅಮೆರಿಕದ ಒಣ ನೈಋತ್ಯದಲ್ಲಿ ಜೂನಿ ಬುಡಕಟ್ಟಿನವರು ಜೇಡಿಮಣ್ಣಿನ ಬದು ಕಟ್ಟಿ ಚೌಕಚೌಕವಾಗಿ ಮಾಡುವ ಪಾತಿಗಳೂ ಇದೇ ತತ್ವದವು. ಮಡಿಯ ನಡುವೆ ಬಾಯಿಮಟ್ಟ ಹೂತ ಮಣ್ಣಿನ ಮಡಕೆಗೆ ನೀರು ತುಂಬಿಟ್ಟರೆ ಅದು ಜಿನುಗುತ್ತ ಬೇರಿಗೆ ತಲುಪುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಚೀನೀ ಕೃಷಿಗ್ರಂಥದಲ್ಲೇ ಈ ಉಪಾಯ ದಾಖಲಾಗಿದೆ. ಎರೆಭೂಮಿ ಮಾತ್ರ ಈ ಸರಳ ನಿಯಮಕ್ಕೆ ಒಗ್ಗುವುದಿಲ್ಲ. ಮಳೆ ಕಡಿಮೆಯಾದರೂ ಬಿದ್ದ ದಿನ ಅದು ಅಂಟಿನಂತಾಗಿ ನೀರು ಹಿಡಿದು ನಿಲ್ಲುತ್ತದೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಎರೆಭೂಮಿಗೆಂದೇ ಅಗಲ ಮಡಿ ಮತ್ತು ಸಾಲಿನ ಪದ್ಧತಿಯನ್ನು ರೂಪಿಸಿ ಹರಡಿತು. ಸುಮಾರು ಒಂದು ಮೀಟರ್ ಅಗಲದ, ಅಂಗುಲಗಳಷ್ಟೇ ಎತ್ತರದ ಮಡಿ, ಪಕ್ಕದಲ್ಲಿ ಅರ್ಧ ಮೀಟರ್ ಸಾಲು. ಎರೆಮಣ್ಣಿನ ಹಿತ್ತಲಿಗೂ ಅಷ್ಟೇ ಸಾಕು.

ಕಟ್ಟುವ ಕೆಲಸ ಕಷ್ಟದ್ದಲ್ಲ. ಎರಡೂ ಬದಿಯಿಂದ ಕೈ ಚಾಚಿದರೆ ನಡುಭಾಗ ಸಿಗಬೇಕು, ಹಾಗಾಗಿ ಅಗಲ ನಾಲ್ಕಡಿ ಮೀರಬಾರದು. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರಿಗೆ ಮೂರೂವರೆ ಅಡಿಯೇ ಹಿತ. ಉದ್ದ ಹತ್ತಡಿ ದಾಟಿದರೆ ಸುತ್ತಿ ಬರಲು ಬೇಸರವಾಗಿ ಮಡಿಯ ಮೇಲೇ ಕಾಲಿಡುತ್ತೇವೆ, ಅಲ್ಲಿಗೆ ಏರುಮಡಿಯ ಅರ್ಧ ಗುಣ ಹೋಯಿತು. ತುಳಿಯದ ಮಣ್ಣೇ ಅದರ ಜೀವ. ನಡೆದಾಡುವ ದಾರಿ ಒಂದೂವರೆ ಅಡಿ ಇರಲಿ. ಆ ದಾರಿಯ ಮೇಲ್ಮಣ್ಣನ್ನು ನಾಲ್ಕಂಗುಲ ಕೆರೆದು ಮಡಿಗೆ ಹಾಕಿದರೆ ಮಡಿ ತಾನಾಗಿ ಏರುತ್ತದೆ, ದಾರಿ ತಾನಾಗಿ ಬಸಿಗಾಲುವೆಯಾಗುತ್ತದೆ. ಕಟ್ಟೆಯೇ ಬೇಕಿಲ್ಲ. ಬೇಕೇಬೇಕು ಎನ್ನುವವರಿಗೆ ಕರಾವಳಿಯಲ್ಲಿ ಜಂಬಿಟ್ಟಿಗೆ ಕಲ್ಲು, ಹಳೆಯ ಹೆಂಚು, ಅಡಿಕೆ ದಬ್ಬೆ ಇವೆ. ಕೋಲಾರ ತುಮಕೂರಿನ ಕಡೆ ಚಪ್ಪಡಿ ಕಲ್ಲು ಇದೆ. ಮರದ ಹಲಗೆಯನ್ನು ಗೆದ್ದಲು ಬಿಡುವುದಿಲ್ಲ. ರೈಲ್ವೆಯ ಹಳೆ ಸ್ಲೀಪರ್‌ಗಳಿಗೆ ಬಳಿದ ಎಣ್ಣೆ ವಿಷಕಾರಿ. ಒಡೆದ ಆಸ್ಬೆಸ್ಟಾಸ್ ಶೀಟಂತೂ ತಿನ್ನುವ ಬೆಳೆಯ ಹತ್ತಿರವೂ ಬರಬಾರದು.

ತುಂಬುವ ವಿಷಯದಲ್ಲಿ ನನಗೆ ನಿಜವಾದ ಆತಂಕವಿದೆ. ನಾಲ್ಕಡಿ ಅಗಲ, ಹತ್ತಡಿ ಉದ್ದ, ಒಂದಡಿ ಎತ್ತರದ ಒಂದು ಮಡಿ 40 ಘನ ಅಡಿ ನುಂಗುತ್ತದೆ. ಐದು ಮಡಿಗೆ 200 ಘನ ಅಡಿ, ಹೆಚ್ಚುಕಡಿಮೆ ಎರಡು ಟ್ರ್ಯಾಕ್ಟರ್ ಲೋಡ್. ನಗರದಂಚಿನಲ್ಲಿ ಕೆಂಪುಮಣ್ಣೆಂದು ಮಾರುವ ಆ ಲೋಡು ಯಾವುದೋ ಹೊಲದ ಮೇಲ್ಮಣ್ಣು. ಒಂದು ಹೊಲವನ್ನು ಬೋಳಿಸಿ ತಂದ ಮಣ್ಣಿನಲ್ಲಿ ಸ್ವಾವಲಂಬನೆ ಬೆಳೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಹೂಳೆತ್ತುವ ಕೆರೆಯ ಗೋಡುಮಣ್ಣು ಸಿಕ್ಕರೆ ಅದು ಬೇರೆ ಮಾತು. ಕೆರೆಗೂ ಒಳ್ಳೆಯದು, ಮಡಿಗೂ ಒಳ್ಳೆಯದು. ಇಲ್ಲದಿದ್ದರೆ ತಳದ ಅರ್ಧ ಭಾಗವನ್ನು ತೆಂಗಿನ ಸಿಪ್ಪೆ, ಕುಂಬಾದ ಮರದ ತುಂಡು, ಬಾಳೆದಿಂಡು, ದರಗಿನಿಂದ ತುಂಬಿ, ಮೇಲಿನ ಅರ್ಧಕ್ಕೆ ಮಾತ್ರ ಮಣ್ಣು ಗೊಬ್ಬರ ಕೊಡಬಹುದು. ಮೊದಲ ವರ್ಷ ಕೊಳೆಯುವ ಮರ ಸ್ವಲ್ಪ ಸಾರಜನಕ ಎಳೆದುಕೊಳ್ಳುತ್ತದೆ, ಮಡಿ ಕುಸಿಯುತ್ತದೆ. ಅಲಸಂದೆಯಂಥ ದ್ವಿದಳ ಹಾಕಿ ಆ ವರ್ಷ ದಾಟಿಸಿದರೆ ಆಮೇಲೆ ಅದೇ ಮರ ನೀರು ಹಿಡಿದಿಡುತ್ತದೆ.

ತಾರಸಿಯ ಮೇಲೆ ಏರುಮಡಿ ಕಟ್ಟುವವರು ಮೊದಲು ತೂಕದ ಲೆಕ್ಕ ಮಾಡಬೇಕು. ಒದ್ದೆಯಾದ ಮಾಮೂಲಿ ಮಣ್ಣು ಒಂದಡಿ ದಪ್ಪ ಹರಡಿದರೆ ಒಂದು ಚದರ ಮೀಟರಿಗೆ ಸುಮಾರು 500 ಕಿಲೋ ಭಾರ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಸಂಹಿತೆ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಮೂರು ಪಟ್ಟಿಗೂ ಮೀರಿದ ವ್ಯತ್ಯಾಸವಿದು. ಎಂಜಿನಿಯರನ್ನು ಕೇಳದೆ ತಾರಸಿಯ ನಡುವೆ ಮಣ್ಣು ಸುರಿಯಬಾರದು. ತೊಳೆದ ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರದ ಹಗುರ ಮಿಶ್ರಣ, ಆರೆಂಟು ಅಂಗುಲ ಆಳ, ಗೋಡೆ ತೊಲೆಗಳ ನೇರಕ್ಕೆ ಸಾಲು, ಇದಿಷ್ಟು ಕ್ಷೇಮ. ಸೊಪ್ಪಿಗೆ ಆ ಆಳ ಸಾಕು. ಬೆಂಗಳೂರಿನಲ್ಲಿ ಡಾ. ಬಿ.ಎನ್. ವಿಶ್ವನಾಥ್ ಮತ್ತು ಸಂಗಡಿಗರು ತಾರಸಿ ತೋಟವನ್ನು ಒಂದು ಚಳವಳಿಯಂತೆ ಬೆಳೆಸಿದ್ದಾರೆ. 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಸಂತೆಗಳಿಂದ ನಗರದ ಸಾವಿರಾರು ಮನೆಗಳು ಕೈಗೆ ಮಣ್ಣು ಮಾಡಿಕೊಂಡಿವೆ.

ಇನ್ನು ಹೊಟ್ಟೆಯ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕು, ಅದರಲ್ಲಿ 100 ಗ್ರಾಂ ಸೊಪ್ಪು. ಧಾನ್ಯ 250 ಗ್ರಾಂ. ನಾಲ್ವರ ಮನೆಗೆ ವರ್ಷಕ್ಕೆ ಸುಮಾರು 580 ಕಿಲೋ ತರಕಾರಿ, 365 ಕಿಲೋ ಧಾನ್ಯ. ಮಳೆಯಾಶ್ರಯದ ರಾಗಿ ಎಕರೆಗೆ ಆರೆಂಟು ಕ್ವಿಂಟಲ್ ಬಂದರೆ ಒಳ್ಳೆಯ ಬೆಳೆ. ಧಾನ್ಯಕ್ಕೇ ಅರ್ಧ ಎಕರೆ ಹೋಯಿತು. ಬೇಳೆ, ಎಣ್ಣೆಕಾಳು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆದ್ದರಿಂದ ಹಿತ್ತಲಿನ ಮಡಿಗಳಿಂದ ಪೂರ್ಣ ಊಟ ಎಂಬ ಮಾತನ್ನು ಕೈಬಿಡುವುದೇ ಪ್ರಾಮಾಣಿಕತೆ. ತರಕಾರಿಯ ಮಾತು ಹಾಗಲ್ಲ. ಐದು ಜನರ ಕುಟುಂಬಕ್ಕೆ 200 ಚದರ ಮೀಟರ್ ಎಂದು ತೋಟಗಾರಿಕೆಯ ಪಠ್ಯಗಳು ಬಹುಕಾಲದಿಂದ ಹೇಳುತ್ತ ಬಂದಿವೆ, ಅಂದರೆ ಸರಿಸುಮಾರು ಎರಡು ಗುಂಟೆ. ವರ್ಷಕ್ಕೆರಡು ಸಾಧಾರಣ ಬೆಳೆ ಬಂದರೂ ಅದು 580 ಕಿಲೋ ಮುಟ್ಟುತ್ತದೆ.

ಎರಡು ಗುಂಟೆ ಇಲ್ಲದವರಿಗೆ ಸೊಪ್ಪಿನ ದಾರಿ ಇದೆ, ನನಗೆ ಅತ್ಯಂತ ಭರವಸೆಯ ದಾರಿಯೂ ಅದೇ. ನಾಲ್ವರಿಗೆ ವಾರಕ್ಕೆ ಬೇಕಾದ ಸೊಪ್ಪು 2.8 ಕಿಲೋ. ನಾಲ್ಕಡಿ, ಹತ್ತಡಿಯ ಒಂದು ಮಡಿ ದಂಟು, ಮೆಂತ್ಯ, ಪಾಲಕ್‌ನಲ್ಲಿ ಮೂರು ನಾಲ್ಕು ಕಿಲೋ ಕೊಡುತ್ತದೆ, ಕೊಯ್ಲಿಗೆ ನಾಲ್ಕೈದು ವಾರ ಸಾಕು. ವಾರಕ್ಕೊಂದು ಮಡಿ ಬಿತ್ತುತ್ತ ಹೋದರೆ ಐದನೆಯದು ಬಿತ್ತಿ ಮುಗಿಯುವ ಹೊತ್ತಿಗೆ ಮೊದಲನೆಯದು ಕೊಯ್ಲಿಗೆ ಬಂದಿರುತ್ತದೆ. ಐದು ಮಡಿ, ದಾರಿ ಬಿಟ್ಟರೆ 200 ಚದರ ಅಡಿ. ಇಷ್ಟರಲ್ಲಿ ಒಂದು ಮನೆ ಸೊಪ್ಪು ಕೊಳ್ಳುವುದನ್ನು ಹೆಚ್ಚುಕಡಿಮೆ ನಿಲ್ಲಿಸಬಹುದು. ಬೇಲಿಗೆ ಒಂದು ನುಗ್ಗೆ, ಚಕ್ರಮುನಿ, ಚಪ್ಪರಕ್ಕೆ ಬಸಳೆ ಸೇರಿದರೆ ಬಿತ್ತನೆ ಕೈಕೊಟ್ಟ ವಾರವೂ ದಾಟುತ್ತದೆ.

ಈ ಐದು ಮಡಿಗೆ ಉಣಿಸುವವರು ಯಾರು? ನಾಲ್ವರ ಅಡುಗೆಮನೆಯಲ್ಲಿ ದಿನಕ್ಕೆ ಸುಮಾರು ಒಂದು ಕಿಲೋ ಹಸಿಕಸ ಹುಟ್ಟುತ್ತದೆ. ಒಣಎಲೆ ಬೆರೆಸಿ ಕೊಳೆಸಿದರೆ ವರ್ಷಕ್ಕೆ ನೂರು ಕಿಲೋ ಆಸುಪಾಸು ಗೊಬ್ಬರ. ಐದು ಮಡಿಯ ಹರವಿಗೆ ಹಂಚಿದರೆ ಚದರ ಮೀಟರಿಗೆ ಐದು ಕಿಲೋ, ಬದುಕಲು ಸಾಕು. ಜೊತೆಗೆ ಬೇಲಿಯ ಗ್ಲಿರಿಸಿಡಿಯ ಸೊಪ್ಪು ಸವರಿ ಹೊದಿಸಿದರೆ ಸಾರಜನಕದ ಕೊರತೆಯೂ ನೀಗುತ್ತದೆ. ಒಂದು ಅಡುಗೆಮನೆ ಸಾಕಬಲ್ಲ ತೋಟದ ಅಳತೆ ಇದು, ಇದಕ್ಕಿಂತ ದೊಡ್ಡದಲ್ಲ. ಎರಡು ಗುಂಟೆಗೆ ಹೋದರೆ ಟನ್ನುಗಟ್ಟಲೆ ಗೊಬ್ಬರ ಬೇಕು. ಅಲ್ಲಿಗೆ ಕೊಟ್ಟಿಗೆಯಲ್ಲಿ ಒಂದು ಹಸು ಇರಬೇಕಾಗುತ್ತದೆ, ಹಸುವಿಗೆ ಮೇವಿನ ನೆಲ ಬೇಕಾಗುತ್ತದೆ. ಹಳ್ಳಿಯ ಹಿತ್ತಲುಗಳು ಬಡವಾದದ್ದು ಹಸು ಹೋದ ಮೇಲೆ ಎಂಬುದನ್ನು ತಿಪ್ಪೆಗುಂಡಿಗಳನ್ನು ನೋಡಿಯೇ ಹೇಳಬಹುದು.

ಗೊಬ್ಬರ ಮಾಡುವ ವಿದ್ಯೆಯಲ್ಲಿ ನಾವು ಯಾರಿಗೂ ಸಾಲಗಾರರಲ್ಲ. ಬ್ರಿಟಿಷ್ ಕೃಷಿವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು ಭಾರತದ ರೈತರಿಂದ ಕಲಿತು ರೂಪಿಸಿದ ‘ಇಂದೋರ್ ವಿಧಾನ’ ಜಗತ್ತಿನ ಸಾವಯವ ಕೃಷಿಗೆ ಅಡಿಪಾಯವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ್ದು ‘ಬೆಂಗಳೂರು ವಿಧಾನ’. ಇಂದೋರಿನದರಲ್ಲಿ ರಾಶಿಯನ್ನು ಆಗಾಗ ತಿರುವಿ ಹಾಕಬೇಕು, ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಬೆಂಗಳೂರಿನದರಲ್ಲಿ ಗುಂಡಿಗೆ ಪದರಪದರವಾಗಿ ತುಂಬಿ ಮುಚ್ಚಿದರೆ ಮುಗಿಯಿತು, ಆರೆಂಟು ತಿಂಗಳು ಕಾಯಬೇಕು. ಮೈಯಲ್ಲಿ ಕಸುವಿಲ್ಲದ ಹಿರಿಯರ ಮನೆಗೆ ಎರಡನೆಯದೇ ವಾಸಿ. ಕರಾವಳಿಯ ಜೋರು ಮಳೆಗೆ ಗುಂಡಿ ಬೇಡ, ಮಾಡಿನ ಕೆಳಗಿನ ರಾಶಿಯೇ ಸರಿ.

ನೀರಿಗೂ ಇದೇ ಲೆಕ್ಕ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ತರಕಾರಿ ದಿನಕ್ಕೆ ಐದು ಲೀಟರಿನಷ್ಟು ಕುಡಿಯುತ್ತದೆ. ಐದು ಮಡಿಗೆ ನೂರು ಲೀಟರ್ ಒಳಗೆ, ಎರಡು ಗುಂಟೆಗೆ ಸಾವಿರ. ಬೆಂಗಳೂರಿನ ಮಳೆಯಲ್ಲಿ ಸಾವಿರ ಚದರ ಅಡಿಯ ಮಾಡು ವರ್ಷಕ್ಕೆ 70 ಸಾವಿರ ಲೀಟರ್‌ವರೆಗೆ ಕೊಡಬಲ್ಲದು. ಬಚ್ಚಲ ನೀರಿಗೆ ಹಳೆಯ ಮನೆಗಳು ಕಂಡುಕೊಂಡಿದ್ದ ದಾರಿಗಿಂತ ಉತ್ತಮವಾದದ್ದು ನನಗೆ ತೋಚುವುದಿಲ್ಲ: ಬಾಳೆ, ಕೆಸು, ಬಸಳೆಯ ಬುಡ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಆ ನೀರು ಬೇಡ. ಮಡಿಯ ಮೇಲೆ ಎರಡಂಗುಲ ದರಗಿನ ಹೊದಿಕೆ ಇದ್ದರೆ ನೀರಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ತೋಟದ ಪುಸ್ತಕಗಳು ಅಟ್ಟದ ಮಾತೆತ್ತುವುದಿಲ್ಲ. ಕರಾವಳಿಯ ಮನೆಗಳ ಸ್ವಾವಲಂಬನೆ ಅರ್ಧ ಹಿತ್ತಲಲ್ಲಿದ್ದರೆ ಅರ್ಧ ಅಟ್ಟದಲ್ಲಿತ್ತು. ಬೇಸಿಗೆಯ ಗದ್ದೆಯಲ್ಲಿ ಬೆಳೆದ ಮಂಗಳೂರು ಸೌತೆಯನ್ನು ಬಾಳೆನಾರಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿದರೆ ಮಳೆಗಾಲ ಪೂರ್ತಿ ಸಾಂಬಾರಿಗೆ ಆಗುತ್ತಿತ್ತು. ಪಕ್ಕದಲ್ಲಿ ಬೂದುಗುಂಬಳ, ಭರಣಿಯಲ್ಲಿ ಉಪ್ಪುಸೊಳೆ. ಆಟಿ ತಿಂಗಳ ಜಡಿಮಳೆಯಲ್ಲಿ ಮಡಿ ಯಾವ ಎತ್ತರದಲ್ಲಿದ್ದರೂ ಸೊಪ್ಪು ಸಿಡಿದ ಕೆಸರಿಗೆ ಕೊಳೆಯುತ್ತದೆ. ಆಗ ಊಟಕ್ಕೆ ಬರುತ್ತಿದ್ದುದು ಪತ್ರೊಡೆಯ ಕೆಸು, ತಜಂಕು, ಕಳಲೆ, ಯಾರೂ ಬಿತ್ತದವು. ವರ್ಷದ ಹನ್ನೆರಡು ತಿಂಗಳೂ ಟೊಮೆಟೊ, ಕ್ಯಾಪ್ಸಿಕಮ್ ಬಯಸುವ ಅಡುಗೆಮನೆ ಎಷ್ಟು ಮಡಿ ಕಟ್ಟಿದರೂ ಸ್ವಾವಲಂಬಿಯಾಗುವುದಿಲ್ಲ. ಋತುವಿಗೆ ತಕ್ಕ ಅಡುಗೆ ಬಲ್ಲ ಮನೆಗೆ ಅರ್ಧ ಜಾಗ ಸಾಕು.

ದುಡಿಮೆ ಯಾರದು ಎಂಬುದನ್ನೂ ಮುಚ್ಚಿಡಬಾರದು. ಹಿತ್ತಲು ಎಂದಿಗೂ ಹೆಂಗಸರ ದುಡಿಮೆಯ ಮೇಲೆ ನಿಂತದ್ದು. ಅಡುಗೆ ಮುಗಿಸಿ, ದನ ನೋಡಿ, ಉಳಿದ ಹೊತ್ತಲ್ಲಿ ಅವರು ಬಿತ್ತಿ ಕಳೆ ಕಿತ್ತದ್ದು ಮನೆಯ ಲೆಕ್ಕದ ಪುಸ್ತಕಕ್ಕೆ ಬರಲೇ ಇಲ್ಲ. ಮಲೆನಾಡಿನಲ್ಲಿ ಆ ಹಿತ್ತಲುಗಳು ಇಂದು ಪಾಳುಬಿದ್ದಿರುವುದಕ್ಕೆ ಸೋಮಾರಿತನ ಕಾರಣವಲ್ಲ. ಮಂಗಗಳ ಹಿಂಡು ಒಂದು ಬೆಳಿಗ್ಗೆಯಲ್ಲಿ ತಿಂಗಳ ಕೆಲಸ ಮುಗಿಸಿ ಹೋಗುತ್ತದೆ, ರಾತ್ರಿ ಕಾಡುಹಂದಿ, ಹಗಲು ನವಿಲು. ಅಲ್ಲಿ ಕಟ್ಟೆಗಿಂತ ಮೊದಲು ಖರ್ಚು ಮಾಡಬೇಕಾದದ್ದು ಬಲೆಗೆ. ಇಲ್ಲವಾದರೆ ಮಂಗ ಅಷ್ಟಾಗಿ ಕೈಹಾಕದ ಅರಿಸಿನ, ಶುಂಠಿ, ಸುವರ್ಣಗಡ್ಡೆಗೆ ಹೊರಳಬೇಕು.

ಕೊನೆಗೆ ಬೀಜ. ಹೈಬ್ರಿಡ್ ಬೀಜ ಹಾಕಿದ ಮಡಿಗಾಗಿ ಪ್ರತಿವರ್ಷ ಅಂಗಡಿಗೆ ಹೋಗಬೇಕು, ಅದರ ಬೀಜ ತೆಗೆದಿಟ್ಟರೆ ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ. ನಾಟಿ ಟೊಮೆಟೊ, ಅವರೆ, ಅಲಸಂದೆಯ ಬೀಜ ಹಿಡಿಯುವುದು ಸುಲಭ, ತಮ್ಮ ಹೂವಲ್ಲಿ ತಾವೇ ಕಟ್ಟುವ ಗಿಡಗಳವು. ಕುಂಬಳ, ಸೋರೆ, ಹೀರೆ ಹಾಗಲ್ಲ. ಕೀಟಗಳು ಪಕ್ಕದ ಮನೆಯ ತಳಿಯ ಪರಾಗ ತಂದು ಬೆರೆಸುತ್ತವೆ. ಅವುಗಳ ತಳಿ ಶುದ್ಧ ಉಳಿಯಬೇಕಾದರೆ ಅರಳುವ ಮುಂಚೆಯೇ ಹೂವಿಗೆ ದಾರ ಕಟ್ಟಿ, ಅರಳುವ ಹೊತ್ತಿಗೆ ಕೈಯಿಂದ ಪರಾಗ ಮುಟ್ಟಿಸಬೇಕು, ಇಲ್ಲವೇ ಒಂದು ಕೇರಿಗೆ ಒಂದೇ ತಳಿ ಇರಬೇಕು. ಉಡುಪಿಯ ಮಟ್ಟು ಗ್ರಾಮದ ಗುಳ್ಳ ಬದನೆ ಉಳಿದು ಬಂದದ್ದು ಊರಿಗೆ ಊರೇ ಅದೊಂದನ್ನು ಬೆಳೆದದ್ದರಿಂದ. ಯತಿ ವಾದಿರಾಜರು ಕೊಟ್ಟ ಬೀಜ ಎಂಬ ನಂಬಿಕೆ ಅದನ್ನು ಕಾಯಿತು, 2011ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಇಪ್ಪತ್ತು ಬಗೆಯ ತರಕಾರಿಯ ಬೀಜವನ್ನು ಒಂದೇ ಮನೆ ಐದು ಮಡಿಯಲ್ಲಿ ಕಾಪಾಡಲಾಗದು. ಶಿರಸಿಯ ಸುತ್ತಿನ ‘ವನಸ್ತ್ರೀ’ ಬಳಗದ ಹೆಂಗಸರು ಎರಡು ದಶಕಗಳಿಂದ ಇದಕ್ಕೆ ಕಂಡುಕೊಂಡಿರುವ ದಾರಿ, ಬೀಜ ಕಾಯುವ ಕೆಲಸವನ್ನು ಹಲವು ಹಿತ್ತಲುಗಳು ಹಂಚಿಕೊಳ್ಳುವುದು. ಒಬ್ಬರಲ್ಲಿಲ್ಲದ ತಳಿ ಇನ್ನೊಬ್ಬರಲ್ಲಿರುತ್ತದೆ, ಮಳೆ ಹಿಡಿಯುವ ಮುಂಚೆ ಮೇಳದಲ್ಲಿ ಕೈಬದಲಾಗುತ್ತದೆ. ಒಬ್ಬರ ಬೆಳೆ ಮಂಗನ ಪಾಲಾದ ವರ್ಷವೂ ಆ ತಳಿಯ ಒಂದು ಹಿಡಿ ಬೀಜ ಬೇರೆ ಯಾರದೋ ಮನೆಯ ಡಬ್ಬಿಯಲ್ಲಿ ಉಳಿದಿರುತ್ತದೆ.